ತುಂಬಿದ ಬುಟ್ಟಿ

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ದರ್ಜಿಗೆ ಉಸಿರು ನೆಟ್ಟಗೆ ಆಡುತ್ತಿರಲಿಲ್ಲ. ಅವನ ಮಗಳು ಹಿಂದಿನ ಸಂಜೆ ತಾನು ಕೆಲಸ ಮಾಡುವ ಐಸ್‌ಕ್ರೀಂ ಕಾರ್ಖಾನೆಯ ಶೀತಲ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಳು. ಪಾಳಿ ಬದಲಾದಾಗ ಹೊರತೆಗೆದರು, ಅವಳಿಗೆ ಇನ್ನೂ ಎಚ್ಚರವಾಗಿರಲಿಲ್ಲ.

"ಕಾವಲುಗಾರ ಬೇಕಂತಲೇ ಬಾಗಿಲು ಹಾಕಿದಾನೆ ಮೇಡಂ. ಫೋನೂ ಕೆಡಿಸಿದಾನೆ. ನನ್ನ ಮಗಳು ಫೋನಿನ ತುರ್ತು ಗುಂಡಿ ಒತ್ತದೆ ಇರೋಳಲ್ಲ."

ಇನ್ಸ್‌ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ, ಹುಡುಗಿಯ ಫೋನನ್ನು ಪ್ರಯೋಗಾಲಯಕ್ಕೆ ಕಳಿಸಿ, ಪಂಚನಾಮೆಗೆಂದು ಕಾರ್ಖಾನೆಗೆ ಹೊರಟಳು.

ಕೋಣೆಯ ಒಳಚಿಲಕ ಮುರಿದಿತ್ತು. ಪರೀಕ್ಷೆಗೆಂದು ಅವಳೇ ಒಳಗೆ ನಿಂತು, ಠಾಣೆಯವರೆಲ್ಲ ಮೀಸೆ ಎಂದೇ ಕರೆಯುವ ಪೇದೆಗೆ ಬಾಗಿಲು ಹಾಕಲು ಹೇಳಿದಳು. ಬಾಗಿಲು ಕೂತದ್ದೇ ಕತ್ತಲು ಮೈಗೆ ಅಂಟಿಕೊಂಡಿತು. ಟಾರ್ಚಿನ ಬೆಳಕಿಗೆ ಬಾಗಿಲ ಹಿಮದ ಮೇಲೆ ಎರಡು ಅಂಗೈಗಳ ಗುರುತು ಕಂಡಿತು. ಪಕ್ಕದಲ್ಲಿ ಉಗುರಿನ ಗೆರೆಗಳು. ಅವಳು ಗಡಬಡಿಸಿ ಮೀಸೆಗೆ ಕರೆ ಮಾಡಿದಳು. ಹೊರಗೆ ಅವನ ಫೋನು ರಿಂಗಣಿಸಿತು.

"ನಿಮ್ಮನ್ನೂ ಡಬ್ಬಿಗೆ ತುಂಬಿ ಮಾರಿಬಿಡ್ತಾರೇನೋ ಅಂದ್ಕೊಂಡೆ" ಎಂದ ಮೀಸೆ, ಬಾಗಿಲು ತೆಗೆಯುತ್ತ.

ಅವಳಿಗೆ ನಗು ಬರಲಿಲ್ಲ. ಇಲ್ಲಿಂದ ಕರೆ ಹೋಗುತ್ತದೆ. ಹಾಗಾದರೆ ಹುಡುಗಿಯದು ಯಾಕೆ ಹೋಗಲಿಲ್ಲ?

ಅವಳು ಕಾವಲುಗಾರನನ್ನು ಕರೆಸಿದಳು.

"ಬಾಗಿಲು ಹಾಕೋ ಮುಂಚೆ ಒಳಗೆ ಯಾರಾದ್ರೂ ಇದಾರಾ ಅಂತ ಕೂಗಿದ್ಯಾ?"

"ದಿನಾ ಕೂಗ್ತೀನಿ. ನಿನ್ನೆ ಕೂಗ್ಲಿಲ್ಲ."

"ಅವಳ ಫೋನು?"

"ಮುಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ ತಾಯಿ."

"ಒಳಗೆ ಹಾಕೋಣ ಮೇಡಂ," ಎಂದ ಮೀಸೆ. "ಕೊನೆಗೆ ಬಾಗಿಲ ಹತ್ರ ಇದ್ದೋನು ಇವ್ನೇ."

"ತಾಳ್ರೀ. ಫೋನ್ ಏನು ಹೇಳುತ್ತೋ ಕೇಳೋಣ."

ಮಧ್ಯಾಹ್ನ ಪ್ರಯೋಗಾಲಯದಲ್ಲಿ ತಜ್ಞೆ ಪರದೆಯ ಮೇಲಿನ ಸಾಲುಗಳನ್ನು ತೋರಿಸಿದಳು.

"ಫೋನಲ್ಲಿ ಒಂದೊಂದು ಪ್ರೋಗ್ರಾಂಗೂ ಬೇರೆ ಕೋಣೆ ಮೇಡಂ. ಒಬ್ರ ಕೋಣೆಗೆ ಇನ್ನೊಬ್ರು ಕಾಲಿಡೋ ಹಾಗಿಲ್ಲ. ಏನು ಹೇಳ್ಬೇಕಿದ್ರೂ ಚೀಟಿ. ಅದನ್ನ ದಾಟಿಸೋದು ನಡುವೆ ಇರೋ ಕರ್ನಲ್ ಅನ್ನೋ ಮೂಲ ಪ್ರೋಗ್ರಾಂ. ಹುಡುಗಿ ಗುಂಡಿ ಒತ್ತಿದಾಳೆ. ಮತ್ತೆ ಮತ್ತೆ ಒತ್ತಿದಾಳೆ. ಆದ್ರೆ ಚೀಟಿ, ಕರೆ ಹಚ್ಚೋ ಪ್ರೋಗ್ರಾಂಗೆ, ಅದೇ ಕರೆ ಸೇವೆಗೆ, ತಲುಪೇ ಇಲ್ಲ."

"ಅಂದ್ರೆ ಕರೆ ಸೇವೆನೇ ಕೆಟ್ಟಿದೆ."

"ನಾನೂ ಮೊದ್ಲು ಹಾಗೇ ಬರ್ದು ಅಳಿಸಿದೆ. ತಪ್ಪಿನ ಸಾಲಲ್ಲಿ ಕಾಣೋದು ಏಟು ತಿಂದವರ ಹೆಸರು, ಹೊಡೆದವರದ್ದಲ್ಲ. ಕರೆ ಸೇವೆಯ ಚೀಟಿ ಬೀಳೋ ಬುಟ್ಟಿಗೆ ಒಂದು ಅಳತೆ ಇರುತ್ತೆ. ಅದು ತುಂಬಿ ತುಳುಕ್ತಿತ್ತು. ಅದಕ್ಕೇ ಅವಳ ಚೀಟೀನ ಕರ್ನಲ್ ವಾಪಸ್ ಕಳಿಸಿದೆ. ತುಂಬಿಸಿದ್ಯಾರು ಅಂತ ಹಿಂದಕ್ಕೆ ಹುಡುಕ್ಕೊಂಡು ಹೋದೆ."

ಸಿಕ್ಕಿದ್ದು ಪರದೆಯ ಮೇಲೆ ಗುರುತೇ ಇಲ್ಲದೆ ಅಡಗಿದ್ದ ಆ್ಯಪ್. ಕೋಣೆಯೊಳಗೆ ಜಿಪಿಎಸ್ ಸಿಗದೆ, ಫೋನ್ ಎಲ್ಲಿದೆ ಎಂದು ತಿಳಿಯಲು, ಉತ್ತರಕ್ಕೂ ಕಾಯದೆ ಅದು ಕರೆ ಸೇವೆಯನ್ನು ಒಂದೇ ಸಮನೆ ಕೇಳುತ್ತಿತ್ತು: ಯಾವ ಟವರ್, ಯಾವ ಟವರ್, ಯಾವ ಟವರ್.

"ತಾನಾಗೇ ಇಷ್ಟು ಕೇಳಲ್ಲ ಇದು. ಬೇರೆ ಫೋನಿಂದ ಯಾರೋ ಕೇಳಿಸ್ತಿದ್ರು. ನಂಬರ್ ಇದು."

ಇನ್ಸ್‌ಪೆಕ್ಟರಮ್ಮನ ಬೆನ್ನಲ್ಲಿ ಶೀತಲ ಕೋಣೆಯ ಚಳಿ ಮತ್ತೆ ಹರಿದಾಡಿತು. ಬೆಳಗ್ಗೆ ತಾನೇ ದೂರಿನ ಕೆಳಗೆ ಬರೆಸಿಕೊಂಡಿದ್ದ ನಂಬರು.

ದರ್ಜಿ ಆಸ್ಪತ್ರೆಯ ಬೆಂಚಿನ ಮೇಲಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಮಗಳ ಫೋನಿಗೆ ಆ ಆ್ಯಪ್ ಯಾವಾಗ ಹಾಕಿದ್ರಿ?"

ಅವನು ತಲೆ ಎತ್ತಲಿಲ್ಲ. "ಕೆಲ್ಸಕ್ಕೆ ಸೇರಿದ ದಿನ. ಅವಳಿಗೆ ಗೊತ್ತಿಲ್ಲ. ಅವಳಮ್ಮ ಹೀಗೇ ಹೊರಗೆ ಹೋದೋಳು ಮೇಡಂ... ಕಾಲುವೇಲಿ ಸಿಕ್ಕಿದ್ಲು."

"ನಿನ್ನೆ ಸಂಜೆ?"

"ನಕ್ಷೆಯಿಂದ ಮಾಯ ಆದ್ಲು. ಎಲ್ಲಿದಾಳೆ ಅಂತ ಒತ್ತಿದೆ. ಒತ್ತುತ್ತಲೇ ಇದ್ದೆ. ಕೈ ನಿಲ್ಲಲಿಲ್ಲ."

ಹೇಳದೆ ವಿಧಿಯಿರಲಿಲ್ಲ. "ಅದೇ ಹೊತ್ತಿಗೆ ಅವಳೂ ಒತ್ತುತ್ತಿದ್ಲು. ನಿಮ್ಮ ಪ್ರಶ್ನೆಗಳೇ ದಾರಿ ಕಟ್ಟಿದ್ವು."

ಅವನು ಜೇಬಿನಿಂದ ಫೋನು ತೆಗೆದು ಆ ನಕ್ಷೆಯನ್ನೇ ಮತ್ತೆ ತೆರೆದ.

ನಿರ್ಲಕ್ಷ್ಯಕ್ಕೆ ಕಾವಲುಗಾರನ ಮೇಲೂ, ಕದ್ದು ನಿಗಾ ಇಟ್ಟು ಜೀವಕ್ಕೆ ಕುತ್ತು ತಂದದ್ದಕ್ಕೆ ದರ್ಜಿಯ ಮೇಲೂ ಪ್ರಕರಣವಾಯಿತು. ದರ್ಜಿಯನ್ನು ಬಂಧಿಸಿ, ಅವನ ಫೋನನ್ನು ವಶಕ್ಕೆ ಪಡೆಯುತ್ತಿದ್ದಾಗ ಮೀಸೆ ವಾರ್ಡಿನಿಂದ ಓಡಿಬಂದ.

"ಕಣ್ಣು ಬಿಟ್ಲು ಮೇಡಂ! ಯಾಕೆ ಯಾರೂ ಫೋನ್ ಎತ್ತಲಿಲ್ಲ ಅಂತ ಕೇಳ್ತಿದಾಳೆ."

ದರ್ಜಿ ಗೋಡೆಗೆ ಒರಗಿದ. "ಫೋನ್ ತಗೊಂಡ್ರೆ ಅವಳು ಎಲ್ಲಿದಾಳೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ಇಲ್ಲೇ ಇದಾಳಲ್ರೀ. ಈ ಬಾಗಿಲ ಆಚೆ," ಎಂದಳು ಇನ್ಸ್‌ಪೆಕ್ಟರಮ್ಮ.

ಅವನು ಬಾಗಿಲನ್ನು ನೋಡಿದ. ಆದರೂ ಜೀಪು ಹತ್ತುವವರೆಗೂ ಅವನ ಹೆಬ್ಬೆರಳು ಬರಿಯ ಅಂಗೈಯನ್ನು ಒತ್ತುತ್ತಲೇ ಇತ್ತು.