ಕೆಂಪಾದ ಬೆಳಕು

ಕತ್ತಲಕೋಣೆಯ ಬಾಗಿಲನ್ನು ಯಾರೋ ಎರಡು ಬಾರಿ ತಟ್ಟಿದರು. ಮುಷ್ಟಿಯೊಳಗೆ ಅಡಗುವಂಥ ಟಾರ್ಚೊಂದನ್ನು ಉರಿಸಿ, ಅದರ ಬೆಳಕನ್ನು ನಾನು ಅಳೆಯುತ್ತಿದ್ದೆ. ಸುರಂಗದ ದುರಸ್ತಿ ಕೆಲಸ ಮಾಡುವ ನನ್ನ ತಮ್ಮ ಅಂದು ಸಂಜೆ ಅದನ್ನೇ ಹಿಡಿದು ಒಳಗಿಳಿಯುವವನಿದ್ದ.

"ಬೆರಳುದ್ದದ ಟಾರ್ಚಿಗೆ ಬೆಟ್ಟದಷ್ಟು ಪರೀಕ್ಷೆ! ಬೇಗ ಕೊಡೇ ಅಕ್ಕಾ," ಎಂದು ಆಗಲೇ ಹೊರಗೆ ಕೂತು ಅವಸರಪಡಿಸಿದ್ದ.

ಬಾಗಿಲು ತಟ್ಟಿದ ಸದ್ದಾದರೆ, ಬರುವವರ ಕಣ್ಣು ಕುಕ್ಕದಂತೆ ಟಾರ್ಚಿನ ಗಾಜಿಗೆ ಅಂಗೈ ಅಡ್ಡ ಹಿಡಿಯುವುದು ನಮ್ಮ ರೂಢಿ. ಈ ಕೆಲಸ ಕಲಿಸಿದ ಚಿಕ್ಕಪ್ಪನವರೇ ಅದನ್ನೂ ಕಲಿಸಿದ್ದರು. ಹೋದ ವರ್ಷ ಅದೇ ಸುರಂಗಕ್ಕೆ ಇಳಿದ ಅವರು ಮರಳಿ ಬರಲಿಲ್ಲ.

ನಾನು ಕೈ ಎತ್ತುವ ಮೊದಲೇ ಅಂಗೈಯೊಂದು ಗಾಜಿಗೆ ಅಡ್ಡ ಬಂದು ಬೆಳಕು ಕೆಂಪಾಯಿತು. ಬೆರಳ ಸಂದಿಯಿಂದ ಸೋರಿದ ನಸುಗೆಂಪು ಗೋಡೆಯ ಮೇಲೆ ನೀರಿನಂತೆ ತೇಲಿತು. ಉರಿದುರಿದು ಕಾದಿದ್ದ ಟಾರ್ಚು ನನ್ನ ಮುಷ್ಟಿಯಲ್ಲಿ ತಣ್ಣಗಾಗುತ್ತ ಬಂತು. ಒದ್ದೆ ಮಣ್ಣಿನ ವಾಸನೆ ಹರಡಿತು. ಹೆದರಿಕೆಯಾಗಲಿಲ್ಲ, ಹಾಯಾದ ಮಂಪರೊಂದು ಕವಿಯಿತು. ಆಮೇಲೆ ಬೆಳಕು ಆರಿತು.

ಹೊರಬಂದು, "ಬಾಗಿಲು ತಟ್ಟಿದ್ದು ನೀನೇನೋ?" ಎಂದೆ.

"ನಾನಾ? ಕಾದೂ ಕಾದೂ ಕೂತಲ್ಲೇ ಬೇರು ಬಿಟ್ಟಿದ್ದೀನಿ. ಈ ಕಡೆ ಯಾರೂ ಬರ್ಲಿಲ್ಲ. ಕೊಡು ಇಲ್ಲಿ."

ಅವನ ಕೈಯಲ್ಲಿ ಟಾರ್ಚು ಚೊಕ್ಕವಾಗಿ ಉರಿಯಿತು. ನಾನು ಅದನ್ನು ಕಿತ್ತುಕೊಂಡೆ.

"ಇದು ಬೇಡ. ಇವತ್ತು ನೀನು ಇಳಿಯೋದೂ ಬೇಡ."

"ಇದಕ್ಕೇನಾಗಿದೆ ಅಕ್ಕಾ?"

ಏನೂ ಆಗಿರಲಿಲ್ಲ. ಆದರೆ ಕೆಂಪಾಗಿ ಹೊಳೆದ ಆ ಅಂಗೈಯಲ್ಲಿ ಕಿರುಬೆರಳಿರಲಿಲ್ಲ. ಅದು ಚಿಕ್ಕಪ್ಪನ ಕೈ.