ಕುರುಗೋಡಿನ ರೋಬೋಟ್ ಸಿರುಗುಪ್ಪದ ಕಡೆ ಹೊರಳಿದಾಗ

"ನಮ್ಮ ಹುಡುಗ್ಯಾರ ರೋಬೋಟ್‌ನ ನಿಮ್ಮ ಫೋನಿನಿಂದ ಓಡಸಾಕತ್ತೀರಲ್ಲ ಸರ್, ನಾಚಿಕಿ ಆಗಂಗಿಲ್ಲೇನ್ರಿ?"

ಬಳ್ಳಾರಿಯ ವಿಜ್ಞಾನ ಸ್ಪರ್ಧೆಯ ಸಭಾಂಗಣವೆಲ್ಲ ಇತ್ತ ತಿರುಗಿತು. ಕುರುಗೋಡಿನ ಶಿಕ್ಷಕಿ ಶಶಿರೇಖಾಳ ಮುಖ ಕೆಂಡವಾಗಿತ್ತು. ಒಣಹಾಕಿದ ಭತ್ತವನ್ನು ಕೆದರುವ ಪುಟ್ಟ ರೋಬೋಟ್ ಅದು. ಗೆದ್ದರೆ ಅವಳ ಹುಡುಗಿಯರಿಗೆ ರಾಜ್ಯಮಟ್ಟ! ಆದರೆ ಅವರು ಫೋನಿನಲ್ಲಿ ಎಷ್ಟು ಒತ್ತಿದರೂ ಅಲ್ಲಾಡದ ರೋಬೋಟ್, ಸಿರುಗುಪ್ಪದ ಶಿಕ್ಷಕ ಕರಿಬಸವನ ತಂಡ ಒತ್ತಿದೊಡನೆ ನೆಟ್ಟಗೆ ಅವರತ್ತ ಹೊರಟಿತ್ತು.

ಕರಿಬಸವ ಏನೋ ಹೇಳಲು ಹೊರಟವನು, ಅವಳ ಹಿಂದೆ ಕಣ್ಣು ತುಂಬಿಕೊಂಡು ನಿಂತ ಹುಡುಗಿಯರನ್ನು ಕಂಡು ಸುಮ್ಮನಾದ. ಫೋನನ್ನು ಮೇಜಿನ ಮೇಲಿಟ್ಟು ಸರಿದು ನಿಂತ.

ಬಾಯಿ ಬಿಡುತ್ತಿಲ್ಲವೆಂದರೆ ತಪ್ಪು ಅವನದೇ... ಎಂದುಕೊಂಡ ಶಶಿರೇಖಾ ಆ ಫೋನ್ ನೋಡಿದಳು.

ಪರದೆಯ ಮೇಲೆ ಎರಡೂ ರೋಬೋಟ್‌ಗಳ ಬ್ಲೂಟೂತ್‌ಗೆ ಒಂದೇ ಹೆಸರು! ಎರಡೂ ತಂಡ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದೇ ಅಂಗಡಿಯಲ್ಲಿ ಸಾಮಾನು ಕೊಂಡು, ಕಂಪನಿ ಕೊಟ್ಟ ಹೆಸರು, ಪಾಸ್‌ವರ್ಡ್ ಹಾಗೇ ಉಳಿಸಿಕೊಂಡಿದ್ದವು. ಗಡಿಬಿಡಿಯಲ್ಲಿ ಅವನ ಶಾಲೆಯ ಮಕ್ಕಳು ಇವರದನ್ನು ಒತ್ತಿದ್ದರು, ರೋಬೋಟ್ ಆ ಫೋನಿಗೇ ಅಂಟಿಕೊಂಡಿತ್ತು, ಅಷ್ಟೇ. ಹೆಸರು ಬದಲಿಸೋಣವೆಂದು ಹುಡುಗಿಯರು ಕೇಳಿದಾಗ 'ಆಮೇಲೆ ನೋಡೋಣ' ಎಂದವಳು ತಾನೇ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಹೋಯಿತೆಂದು ಕೈಚೆಲ್ಲಿ ಕೂರುವ ಹೆಣ್ಣಲ್ಲ ಶಶಿರೇಖಾ. ತಂಡವೇ ಹೊರಬೀಳಬಹುದೆಂದು ಗೊತ್ತಿದ್ದೂ, ತಪ್ಪು ತನ್ನದೆಂದು ಎಲ್ಲರೆದುರು ಒಪ್ಪಿಕೊಂಡು ಅವನ ಕ್ಷಮೆ ಕೇಳಿದಳು.

ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ತಪ್ಪು ಇಬ್ಬರದೂ, ಇನ್ನೊಂದು ಅವಕಾಶ ಕೊಡಿ, ಮೊದಲು ಅವರದಾಗಲಿ ಎಂದು ಬೇಡಿಕೊಂಡವನು ಕರಿಬಸವ.

ಹುಡುಗಿಯರು ಹೆಸರು ಬದಲಿಸಿದರು. ರೋಬೋಟ್ ಹೊರಟಿತು... ಭತ್ತದ ಮೇಲೆ ಸಾಲು ಸಾಲಾಗಿ ಗೆರೆ ಎಳೆಯುತ್ತಾ, ಒಂದು ಕಾಳೂ ಚೆಲ್ಲದೆ ಕೊನೆ ಮುಟ್ಟಿತು! ಕುರುಗೋಡು ಮೊದಲು, ಸಿರುಗುಪ್ಪ ಎರಡನೆಯದು. ಎರಡೂ ರಾಜ್ಯಮಟ್ಟಕ್ಕೆ.

ಚಪ್ಪಾಳೆಯ ನಡುವೆ ಅವಳು ಮೆಲ್ಲಗೆ ಕೇಳಿದಳು. "ನಿಮಗ ಮೊದಲ ಗೊತ್ತಿತ್ತಲ್ರಿ. ಯಾಕ ಹೇಳ್ಲಿಲ್ಲ?"

"ನಿಮ್ಮ ಹುಡುಗ್ಯಾರ ಮುಂದ ನಿಮ್ಮನ್ನ ಸಣ್ಣ ಮಾಡಾಕ ಮನಸಾಗ್ಲಿಲ್ರಿ."

ಆ ಒಂದು ಮಾತಿಗೆ ಅವಳು ಸೋತುಹೋದಳು.

ಆಮೇಲೆ ಎರಡೂ ತಂಡ ಪ್ರತಿ ಭಾನುವಾರ ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಿ ಒಟ್ಟಿಗೆ ಅಭ್ಯಾಸ ಮಾಡಿದವು. ಭಾನುವಾರ ಯಾವಾಗ ಬಂದೀತೆಂದು ಶಶಿರೇಖಾ ಕಾಯತೊಡಗಿದಳು. ಅವನೇ ಹೇಳಲಿ ಎಂದು ಅವಳು, ಹೇಗೆ ಹೇಳಲಿ ಎಂದು ಅವನು!

ರಾಜ್ಯಮಟ್ಟದಲ್ಲೂ ಹುಡುಗಿಯರೇ ಗೆದ್ದು, ಎಲ್ಲರೂ ಮರಳಿದ ದಿನ, ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕರಿಬಸವ ತಡವರಿಸಿದ.

"ನಿಮ್ಮ ಮನಿಗೆ ಹಿರಿಯರನ್ನ ಕರ್ಕೊಂಡು ಬರ್ಲೇನ್ರಿ?"

"ಹಿರಿಯರಿಗಿಂತ ಮೊದಲ ನನ್ನ ಕೇಳಬೇಕಲ್ರಿ."

"ಕೇಳಿದ್ರ ಏನಂತೀರಿ?"

"ಕೇಳಿ ನೋಡ್ರಿ..."

ಕೇಳಿದ. ತುಂಬಿದ ಬಸ್‌ಸ್ಟ್ಯಾಂಡಿನಲ್ಲಿ, ಹುಡುಗಿಯರೆಲ್ಲ ಕಿವಿ ನಿಮಿರಿಸಿ ನಿಂತಿರುವಾಗಲೇ ಕೇಳಿದ.

"ಹೂನ್ರಿ," ಎಂದಳು ಶಶಿರೇಖಾ, ಅವರೆಲ್ಲರಿಗೂ ಕೇಳುವ ಹಾಗೆಯೇ.