ಅಮ್ಮನ ದನಿಯ ಗಣಿತ ಪಾಠ

"ಹಿಂದಿನ ಬೆಂಚಿನವ್ರೇ... ಬರ್ಕೊಳ್ಳಿ. ಆತುರ ಬೇಡ."

ವರಾಂಡದಲ್ಲಿ ಬರುತ್ತಿದ್ದ ಕವನ ಥಟ್ಟನೆ ನಿಂತುಬಿಟ್ಟಳು.

ಅಮ್ಮನ ದನಿ! ತೀರಿಹೋಗಿ ವರ್ಷ ತುಂಬುತ್ತಿದ್ದ ಅಮ್ಮನ ದನಿ...

ಅದು ೨೦೦೬ರ ಜೂನ್. ತಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯ ಹಳ್ಳಿಯೊಂದರ ಪ್ರೌಢಶಾಲೆ. ವಿಶಾಲಮ್ಮ ಟೀಚರ್ ಸತ್ತ ಮೇಲೆ ಗಣಿತದ ಹುದ್ದೆ ಖಾಲಿಯೇ ಇತ್ತು. ನಂಜನಗೂಡಿನಲ್ಲಿ ಪಾಠ ಮಾಡುತ್ತಿದ್ದ ಅವರ ಮಗಳು ಕವನ ತಾನೇ ಕೇಳಿಕೊಂಡು ಆ ಜಾಗಕ್ಕೆ ಬಂದಿದ್ದಳು. ಅಂದೇ ಮೊದಲ ದಿನ.

ಅವಳು ಓಡಿಹೋಗಿ ಕಂಪ್ಯೂಟರ್ ಕೋಣೆಯ ಬಾಗಿಲು ತಳ್ಳಿದಳು. ಕಿಟಕಿ ಮುಚ್ಚಿದ ಕತ್ತಲಲ್ಲಿ ಮಕ್ಕಳು ತಲೆಬಗ್ಗಿಸಿ ಬರೆಯುತ್ತಿದ್ದರು. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಮೂಡುತ್ತಿದ್ದವು. ಬರೆಯುವ ಕೈ ಮಾತ್ರ ಇರಲಿಲ್ಲ!

"ನಿಲ್ಸಿ!"

ಮೌಸ್ ಹಿಡಿದಿದ್ದ ಯುವಕ ಎದ್ದು ನಿಂತ. ಪ್ರೇಮ್‌ಕುಮಾರ್. ವಿಜ್ಞಾನದ ಮೇಷ್ಟ್ರು, ಪ್ರಭಾರಿ ಮುಖ್ಯೋಪಾಧ್ಯಾಯ.

"ಇದನ್ನ ಯಾವಾಗ ರೆಕಾರ್ಡ್ ಮಾಡಿದ್ದು?"

"ಓದ್ವರ್ಷ... ಬೇಸಿಗೇಲಿ."

"ಎದೆ ರೋಗಕ್ಕೆ ಮಾತಾಡ್ಲೇಬಾರ್ದು ಅಂತ ಡಾಕ್ಟ್ರು ಹೇಳಿದ್ದ ದಿನಗಳವು! ಶಾಲೆ ರಿಸಲ್ಟಿಗೋಸ್ಕರ ನಮ್ಮಮ್ಮನ ಉಸಿರನ್ನೂ ಹಿಂಡ್ಕೊಂಡ್ರಾ?"

ಅವನು ಮೆಲ್ಲಗೆ ಸ್ವಿಚ್ ಆರಿಸಿದ. ಆ ಕೋಣೆಗೆ ಅಂದೇ ಬೀಗ ಬಿತ್ತು.

ಆದರೆ ಆ ದನಿ ಹೋಗಲಿಲ್ಲ. ಪಾಠದ ನಡುವೆ ಕವನ ಉಸಿರೆಳೆದುಕೊಂಡಾಗಲೆಲ್ಲ ಮಕ್ಕಳ ಪೆನ್ನು ನಿಲ್ಲುತ್ತಿತ್ತು. ಕಣ್ಣುಗಳು ಕಂಪ್ಯೂಟರ್ ಕೋಣೆಯ ಕಡೆಯ ಗೋಡೆಯತ್ತ ತಿರುಗುತ್ತಿದ್ದವು. ಅವಳ ಕಿವಿಯೂ ಅಲ್ಲೇ...

ಸಂಜೆ ಅವಳ ಬಸ್ಸು ಬರುವವರೆಗೂ ಪ್ರೇಮ್ ದೂರದ ಹುಣಸೆಮರದ ಕೆಳಗೆ ನಿಂತಿರುತ್ತಿದ್ದ. 'ಯಾಕೆ ನಿಲ್ತಾನೆ?' ಎಂದು ಅವಳಿಗೆ ಸಿಟ್ಟು. ಒಂದು ದಿನ ಅವನು ಬರಲಿಲ್ಲ. ಇನ್ನೂ ಹೆಚ್ಚು ಸಿಟ್ಟು ಬಂತು!

ಮರುದಿನ, ಬಿಸಿಯೂಟ ಬಡಿಸುವ ವೆಂಕಟಮ್ಮ ಅವಳನ್ನು ಪಕ್ಕಕ್ಕೆ ಕರೆದಳು.

"ಮೇಷ್ಟ್ರು ಬ್ಯಾರೆ ಇಸ್ಕೂಲ್ಗೆ ವರ್ಗ ಕೇಳವ್ರಂತೆ, ಗೊತ್ತಾ ಅವ್ವ? ನಿಮ್ಮವ್ವನ ಉಸುರ್ನ ಅವರೆಲ್ಲಿ ಇಂಡುದ್ರು? ಬ್ಯಾಡ ಅಂತ ಮೈಕ್‌ನ ಬೀರುವಲ್ಲಿಟ್ಟು ಬೀಗ ಆಕಿದ್ರು. ನಿಮ್ಮವ್ವನೇ ಬಾಗ್ಲಲ್ಲಿ ಕೂತ್ಕಂಡು, 'ಇನ್ನೊಬ್ರು ಬರಾಗಂಟ ಈ ಮಕ್ಳಿಗೆ ಯಾರಪ್ಪ ಏಳ್ಕೊಡೋರು, ಕೊಡು' ಅಂತ ಅಟ ಮಾಡುದ್ರು. ಮೈಕ್ ಇಡ್ಕಂಡು ಆ ವಯ್ಯ ಅಳ್ತಿದ್ದ ಕಣವ್ವ..."

ಕವನ ಕಂಪ್ಯೂಟರ್ ಕೋಣೆಯ ಬೀಗದತ್ತ ನೋಡಿದಳು. 'ಎಂಥ ಮಾತಾಡಿಬಿಟ್ಟೆ ನಾನು!'

ಶಾಲೆ ಬಿಟ್ಟ ಮೇಲೆ ಅವಳು ಪ್ರೇಮ್ ಎದುರು ಕೈ ಚಾಚಿದಳು. "ಬೀಗದ ಕೈ ಕೊಡಿ."

ಇಬ್ಬರೂ ಒಳಗೆ ಕೂತರು. ಅಮ್ಮ ಮಾತಾಡಿದಳು... ತಡೆಯಿಲ್ಲದೆ, ನಿರಾಳವಾಗಿ.

ಕವನ ಮುಖವೆತ್ತಿದಳು. "ಅಮ್ಮನಿಗೆ ಎರಡು ಮಾತಿಗೊಂದ್ಸಲ ಕೆಮ್ಮು ಬರ್ತಿತ್ತು. ಇದ್ರಲ್ಲಿ ಒಂದೂ ಇಲ್ವಲ್ಲ?"

"ಮಕ್ಳು ಎದ್ರುಕೋಬಾರ್ದು ಅಂತ ಒಂದೊಂದನ್ನೂ ಕತ್ತರಿಸ್ದೆ." ಅವನು ಪರದೆಯತ್ತ ನೋಡಿದ. "ಪಾಠದಿಂದ ತೆಗ್ದೆ, ಕವನ. ನನ್ನ ಕಿವಿಯಿಂದ ಓಗ್ತಿಲ್ಲ... ನೀವಂದಿದ್ದು ನಿಜ. ನಾನಿನ್ನೂ ಗಟ್ಟಿಯಾಗಿ ಬೇಡ ಅನ್ಬೇಕಿತ್ತು."

"ಅಂದಿದ್ರೂ ಅಮ್ಮ ಕೇಳ್ತಿರ್ಲಿಲ್ಲ." ಅವಳ ಕೆನ್ನೆ ಒದ್ದೆಯಾಗಿತ್ತು. "ವರ್ಗ ಬೇಡ. ಬೆಳಗ್ಗೆ ನಾನು ಪಾಠ ಮಾಡ್ತೀನಿ, ಸಂಜೆ ಅಮ್ಮ ಮಾಡ್ಲಿ. ಈ ಶಾಲೆಗೆ ನೀವು ಬೇಕು..."

"ಶಾಲೆಗೆ ಮಾತ್ರಾನಾ?"

"ನನಗೂ..."

"ನಿಮ್ಮನ್ನ ಪ್ರೀತಿಸ್ತೀನಿ ಅನ್ನೋಕೆ ನಂಗೆ ಹಕ್ಕಿದ್ಯಾ ಅಂತ ಭಯ, ಕವನ."

ಅವಳು ಅವನ ಕೈ ಹಿಡಿದಳು. ಪಾಠ ಮುಗಿದು ಪರದೆ ಕಪ್ಪಾಯಿತು. ಕೋಣೆಯಲ್ಲಿ ಏನೂ ಸದ್ದಿರಲಿಲ್ಲ.

"ಈಗ್ಲೂ ಆ ಕೆಮ್ಮು ಕೇಳಿಸ್ತಿದ್ಯಾ?"

"ಹೂಂ..."

"ನಂಗೂ," ಎಂದಳು ಕವನ, ಅವನ ಭುಜಕ್ಕೆ ಒರಗಿ. "ಇನ್ಮೇಲೆ ಒಬ್ಬರೇ ಕೇಳ್ಬೇಡಿ."